ಸಿಟ್ಟು ಬರುವ ಮೊದಲಿನ ಕೆಲಸ: ಆಟಿಸಂ ಇರುವ ಪುಟ್ಟ ಮಗುವಿಗಾಗಿ, ಹಂತ ಹಂತವಾಗಿ

ಅಂದು ರಂಪಕ್ಕೆ ಕಾರಣವಾದದ್ದು ಒಂದು ದೋಸೆ. ಮಗನಿಗೆ ಆಗ ನಾಲ್ಕು ವರ್ಷ. ಬಿಸಿ ಇದೆ, ಬಾಯಿ ಸುಟ್ಟುಕೊಂಡಾನು ಎಂದು ನಮ್ಮತ್ತೆ ತಟ್ಟೆಯಲ್ಲಿದ್ದ ದೋಸೆಯನ್ನು ಎರಡಾಗಿ ಮುರಿದು ಆರಲು ಬಿಟ್ಟರು. ಅವನು ತಟ್ಟೆ ತಳ್ಳಿದ, ಕಿರುಚಿದ, ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳತೊಡಗಿದ. ನಾನು ಇನ್ನೊಂದು ದೋಸೆ ಹುಯ್ದು ತಂದೆ, ಅದನ್ನೂ ಎಸೆದ. ಅವರಪ್ಪ ಮೊಬೈಲ್ ಹಿಡಿದರು, ನಾದಿನಿ ಚಾಕೊಲೇಟ್ ತೋರಿಸಿದಳು, ನಮ್ಮತ್ತೆ "ಒಂದೆರಡು ಬಿಟ್ರೆ ತಾನೇ ಸರಿಹೋಗ್ತಾನೆ" ಅಂದರು. ನಾಲ್ಕು ಜನ ನಾಲ್ಕು ಕಡೆಯಿಂದ ಮಾತಾಡುತ್ತಿದ್ದೆವು. ಮುಕ್ಕಾಲು ಗಂಟೆಯ ನಂತರ ಅವನು ಸುಸ್ತಾಗಿ ನನ್ನ ಮಡಿಲಲ್ಲೇ ನಿದ್ದೆಹೋದ.

ಅವತ್ತು ನಾವು ಮಾಡಿದ್ದರಲ್ಲಿ ಏನೇನು ತಪ್ಪಿತ್ತು ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳನ್ನು ಗಮನಿಸಿ ಆಟಿಸಂ ಕುರಿತು ಲೇಖನ ಬರೆದಾಗ, ಎಲ್ಲವೂ ಇದ್ದ ಹಾಗೆಯೇ ಇರಬೇಕೆಂಬ ಆ ಮಕ್ಕಳ ತೀವ್ರ ಹಂಬಲವನ್ನು ಒಂದು ಮುಖ್ಯ ಲಕ್ಷಣವೆಂದು ಗುರುತಿಸಿದ್ದರು. ನಮ್ಮ ಅಡುಗೆಮನೆಯಲ್ಲಿ ನಡೆದದ್ದೂ ಅದೇ. ದುಂಡಗೆ ಇರುವುದು ದೋಸೆ. ಮುರಿದದ್ದು ಅವನ ಪಾಲಿಗೆ ಬೇರೆಯೇ ಏನೋ. ಅದನ್ನು ಹೇಳಿಕೊಳ್ಳಲು ಅವನಿಗೆ ಮಾತು ಬರುತ್ತಿರಲಿಲ್ಲ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎನ್ನುವ ಗಾದೆ ಇದೆಯಲ್ಲ, ಆಟಿಸಂ ಇರುವ ಮಗುವಿನ ಸಿಟ್ಟಿಗೆ ಅದು ಚೆನ್ನಾಗಿ ಅನ್ವಯಿಸುತ್ತದೆ. ಸಿಟ್ಟು ಹೊತ್ತಿಕೊಂಡ ಗಳಿಗೆಯಲ್ಲಿ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಕೆಲಸವೆಲ್ಲ ಇರುವುದು ಮಗು ಚೆನ್ನಾಗಿ ಆಡಿಕೊಂಡಿರುವ ಹೊತ್ತಿನಲ್ಲಿ. ಹಾಗಾಗಿ ಕೆಳಗಿನ ಹಂತಗಳಲ್ಲಿ ಮೊದಲ ಏಳು ಸಿಟ್ಟಿಲ್ಲದ ಹೊತ್ತಿಗೆ ಸೇರಿದವು. ಎರಡು ವರ್ಷದಿಂದ ಏಳೆಂಟು ವರ್ಷದವರೆಗಿನ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ನಾನು ವೈದ್ಯೆಯಲ್ಲ, ತಾಯಿ. ಥೆರಪಿಸ್ಟುಗಳಿಂದ, ಪುಸ್ತಕಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ಮಗನಿಂದ ಕಲಿತದ್ದು ಇದು.

ಹಂತ 1: ಹಠ ಯಾವುದು, ಮೆಲ್ಟ್‌ಡೌನ್ ಯಾವುದು ಎಂದು ನೋಡಿ

ಅಂಗಡಿ ಮುಂದೆ ಲಾಲಿಪಾಪ್ ಬೇಕೆಂದು ಮಗು ಬಿದ್ದು ಹೊರಳಾಡುವುದು ಹಠ. ಅಳುತ್ತಲೇ ಓರೆಗಣ್ಣಿನಲ್ಲಿ ಅಮ್ಮ ನೋಡುತ್ತಿದ್ದಾಳೋ ಇಲ್ಲವೋ ಎಂದು ನೋಡುತ್ತದೆ, ಲಾಲಿಪಾಪ್ ಕೈಗೆ ಬಂದರೆ ಮರುಗಳಿಗೆ ನಿಲ್ಲುತ್ತದೆ. ಮೆಲ್ಟ್‌ಡೌನ್ ಹಾಗಲ್ಲ. ಸದ್ದು, ಬೆಳಕು, ಗಡಿಬಿಡಿ, ಅರ್ಥವಾಗದ ಮಾತು ಎಲ್ಲ ಸೇರಿ ಮಗುವಿನ ತಡೆಯುವ ಶಕ್ತಿ ಮೀರಿಹೋದಾಗ ಆಗುವಂಥದ್ದು. ಆಗ ಕೇಳಿದ್ದನ್ನು ಕೊಟ್ಟರೂ ನಿಲ್ಲುವುದಿಲ್ಲ. ಯಾರಾದರೂ ನೋಡುತ್ತಿದ್ದಾರೆಯೇ ಎಂಬ ಪರಿವೆ ಇರುವುದಿಲ್ಲ. ತನಗೇ ಪೆಟ್ಟಾದರೂ ಗೊತ್ತಾಗುವುದಿಲ್ಲ. ನಾನು ಹುಯ್ದು ತಂದ ಎರಡನೆಯ ದೋಸೆ ಗೋಡೆಗೆ ಬಡಿದದ್ದು ಇದೇ ಕಾರಣಕ್ಕೆ.

ಎರಡರ ನಡುವೆ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ. ಹಠವಾಗಿ ಶುರುವಾದದ್ದು ಹತ್ತು ನಿಮಿಷದಲ್ಲಿ ಮೆಲ್ಟ್‌ಡೌನ್ ಆಗಬಹುದು. ಅನುಮಾನ ಬಂದರೆ ಮೆಲ್ಟ್‌ಡೌನ್ ಎಂದೇ ತಿಳಿದು ನಡೆದುಕೊಳ್ಳಿ. ಹಠವನ್ನು ಮೆಲ್ಟ್‌ಡೌನ್ ಎಂದುಕೊಂಡರೆ ಆಗುವ ನಷ್ಟ ಸಣ್ಣದು. ಮೆಲ್ಟ್‌ಡೌನನ್ನು ಹಠ ಎಂದುಕೊಂಡು ಬೈದರೆ, ಹೊಡೆದರೆ ಆಗುವುದು ದೊಡ್ಡದು.

ಹಂತ 2: ಮೊದಲು ಮೈಯನ್ನು ವಿಚಾರಿಸಿ

ಹೊಟ್ಟೆನೋವು ಎಂದು ಹೇಳಲು ಬಾರದ ಮಗು ಹೊಟ್ಟೆನೋವನ್ನು ಸಿಟ್ಟಾಗಿಯೇ ತೋರಿಸುತ್ತದೆ. ಬರೀ ಮೊಸರನ್ನ, ಬಿಸ್ಕತ್ತು ತಿನ್ನುವ ಮಕ್ಕಳಲ್ಲಿ ಮಲಬದ್ಧತೆ ತುಂಬ ಸಾಮಾನ್ಯ. ಹುಳುಕು ಹಲ್ಲು, ಕಿವಿಸೋರು, ಅಲರ್ಜಿಯ ನವೆ, ರಾತ್ರಿ ನಿದ್ದೆಯಿಲ್ಲದಿರುವುದು ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಆಟಿಸಂ ಇರುವ ಮಕ್ಕಳಲ್ಲಿ ಅಪಸ್ಮಾರವೂ ಇತರ ಮಕ್ಕಳಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸುಮ್ಮನಿದ್ದ ಮಗು ಒಂದು ವಾರದಿಂದ ಇದ್ದಕ್ಕಿದ್ದಂತೆ ಕಚ್ಚತೊಡಗಿದ್ದರೆ, ತಲೆಯ ಒಂದೇ ಕಡೆ ಹೊಡೆದುಕೊಳ್ಳುತ್ತಿದ್ದರೆ, ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋಗಿ. "ಆಟಿಸಂ ಮಕ್ಕಳೇ ಹೀಗೆ" ಎಂದು ಯಾರಾದರೂ ಕಳಿಸಿಬಿಟ್ಟರೆ ಒಪ್ಪಬೇಡಿ. ಕಿವಿ, ಹಲ್ಲು, ಹೊಟ್ಟೆ ನೋಡಿ ಎಂದು ನೀವೇ ಬಾಯಿಬಿಟ್ಟು ಕೇಳಿ.

ಹಂತ 3: ಎರಡು ವಾರ ನೋಟ್‌ಬುಕ್ ಬರೆಯಿರಿ

ಇಡೀ ಕ್ರಮದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಹತ್ತು ರೂಪಾಯಿಯ ನೋಟ್‌ಬುಕ್. ಪುಟದಲ್ಲಿ ಮೂರು ಕಾಲಂ ಗೀಚಿ: ಮುಂಚೆ, ಆಗ, ಆಮೇಲೆ. ಸಿಟ್ಟಿಗೆ ಮುಂಚೆ ಸುತ್ತಮುತ್ತ ಏನು ನಡೆಯುತ್ತಿತ್ತು, ಆಗ ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು. ದಿನ, ಹೊತ್ತು ಬರೆಯಿರಿ. "ಕಾರಣವಿಲ್ಲದೆ ಕಿರುಚಿದ" ಎಂದು ಮಾತ್ರ ಬರೆಯಬೇಡಿ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಇಷ್ಟೇ ಸಾಕು.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿತ್ತು. ಮಂಗಳವಾರ, ಸಂಜೆ 6.40. ಮುಂಚೆ: ಅಡುಗೆಮನೆಯಲ್ಲಿ ಮಿಕ್ಸಿ, ಹಾಲ್‌ನ ಟಿವಿಯಲ್ಲಿ ಸೀರಿಯಲ್, ಅಕ್ಕ ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದಳು. ಆಗ: ಅಕ್ಕನ ಜಡೆ ಹಿಡಿದು ಎಳೆದ, ಕಿರುಚಿದ. ಆಮೇಲೆ: ನಾನು ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ, ಎರಡು ನಿಮಿಷದಲ್ಲಿ ಸುಮ್ಮನಾದ.

ಗುರುವಾರವೂ ಇದೇ, ಶನಿವಾರವೂ ಇದೇ. ರೂಮಿಗೆ ಕರೆದೊಯ್ಯುವುದು ಶಿಕ್ಷೆ ಎಂದು ನಾನು ತಿಳಿದಿದ್ದೆ. ಅವನಿಗೆ ಅದು ಬೇಕಾಗಿತ್ತು! ಮೂರು ಸದ್ದುಗಳ ನಡುವಿನಿಂದ ಹೊರಗೆ ಹೋಗಲು ಅವನಿಗೆ ಗೊತ್ತಿದ್ದ ಒಂದೇ ದಾರಿ ಅಕ್ಕನ ಜಡೆ. ಎಳೆದರೆ ಅಮ್ಮ ಬರುತ್ತಾಳೆ, ರೂಮಿಗೆ ಕರೆದೊಯ್ಯುತ್ತಾಳೆ, ಸದ್ದು ನಿಲ್ಲುತ್ತದೆ. ಆ ಮೂರನೆಯ ಕಾಲಂ ಬರೆಯದೆ ಹೋಗಿದ್ದರೆ ಇದು ನನಗೆ ಎಂದೂ ಹೊಳೆಯುತ್ತಿರಲಿಲ್ಲ.

ಎರಡು ವಾರದ ಪುಟಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಸಾಮಾನ್ಯವಾಗಿ ನಾಲ್ಕು ಬಗೆಯ ಕಾರಣಗಳಲ್ಲಿ ಒಂದೆರಡು ಮತ್ತೆ ಮತ್ತೆ ಕಾಣುತ್ತವೆ. ಮಗುವಿಗೆ ಏನೋ ಬೇಕಾಗಿದೆ. ಏನೋ ಬೇಡವಾಗಿದೆ, ತಪ್ಪಿಸಿಕೊಳ್ಳಬೇಕಾಗಿದೆ. ಯಾರಾದರೂ ತನ್ನ ಕಡೆ ನೋಡಬೇಕಾಗಿದೆ. ಅಥವಾ ಕಿವಿಗೆ, ಕಣ್ಣಿಗೆ, ಚರ್ಮಕ್ಕೆ ತಡೆಯಲಾರದ್ದು ಏನೋ ಆಗುತ್ತಿದೆ. ಥೆರಪಿಸ್ಟ್ ಹತ್ತಿರ ಹೋಗುವಾಗ ಈ ನೋಟ್‌ಬುಕ್ ಕೈಯಲ್ಲಿರಲಿ. ಅರ್ಧ ಗಂಟೆಯ ಭೇಟಿಯಲ್ಲಿ ಅವರು ನೋಡಲಾಗದ ನಿಮ್ಮ ಮನೆಯ ಸಂಜೆ ಅದರಲ್ಲಿರುತ್ತದೆ.

ಹಂತ 4: ದಿನದ ಹೊರೆ ಇಳಿಸಿ

ಕಾರಣ ಸಿಕ್ಕಿದ ಮೇಲೆ ಅರ್ಧ ಸಿಟ್ಟನ್ನು ಬರದಂತೆಯೇ ತಡೆಯಬಹುದು. ನಾವು ಮಿಕ್ಸಿ ಕೆಲಸವನ್ನು ಅವನು ಹೊರಗೆ ಆಡುವ ಹೊತ್ತಿಗೆ ಬದಲಾಯಿಸಿದೆವು. ಆಗದ ದಿನ "ಮಿಕ್ಸಿ ಹಾಕ್ತೀನಿ" ಎಂದು ಹೇಳಿ ಸ್ವಿಚ್ಚನ್ನು ಅವನ ಕೈಯಲ್ಲೇ ಒತ್ತಿಸುತ್ತಿದ್ದೆ. ತಾನೇ ಶುರು ಮಾಡಿದ ಸದ್ದು, ತಾನೇ ನಿಲ್ಲಿಸಬಹುದಾದ ಸದ್ದು ಅಷ್ಟು ಹೆದರಿಸುವುದಿಲ್ಲ. ಕುಕ್ಕರ್ ಇಟ್ಟಾಗ "ಮೂರು ಕೂಗು" ಎಂದು ಬೆರಳು ತೋರಿಸುತ್ತಿದ್ದೆ. ಕೆಲವು ವಾರಗಳಲ್ಲಿ ಅವನೇ ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗು ಎಣಿಸತೊಡಗಿದ. ಯೂನಿಫಾರ್ಮಿನ ಕಾಲರಿನ ಲೇಬಲ್ ಕತ್ತರಿಸಿ, ಮಿನುಗುವ ಟ್ಯೂಬ್‌ಲೈಟ್ ಬದಲಿಸಿ, ಮದುವೆಮನೆಗೆ ಹೋಗುವಾಗ ಸದ್ದು ತಡೆಯುವ ಇಯರ್‌ಮಫ್ ತೆಗೆದುಕೊಂಡು ಹೋಗಿ. ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳ ಒಮ್ಮೆಲೇ ಏರುತ್ತದೆ. ಅದಕ್ಕೆ ಐದು ನಿಮಿಷ ಮೊದಲೇ ಮಗುವನ್ನು ಛತ್ರದ ಹೊರಗೆ ಕರೆದುಕೊಂಡು ಬನ್ನಿ. ನೆಂಟರು ಏನೆಂದುಕೊಳ್ಳುತ್ತಾರೋ ಎಂಬ ಚಿಂತೆ ಬೇಡ.

ಎರಡನೆಯದು, ಮುಂದೆ ಏನಾಗುತ್ತದೆ ಎಂದು ಮಗುವಿಗೆ ಕಾಣುವಂತೆ ಮಾಡುವುದು. ಈ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಕಿವಿಯಲ್ಲಿ ಕೇಳಿದ್ದಕ್ಕಿಂತ ಕಣ್ಣಿನಲ್ಲಿ ಕಂಡದ್ದು ಬೇಗ ತಲುಪುತ್ತದೆ. ನಿಮ್ಮ ಮನೆಯದೇ ಬಚ್ಚಲು, ನಿಮ್ಮದೇ ತಟ್ಟೆ, ನಿಮ್ಮ ಬೀದಿಯ ಪಾರ್ಕು ಇವುಗಳ ಫೋಟೋ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ. ಒಂದು ರಟ್ಟಿನ ಮೇಲೆ ಎರಡು ಚೌಕ ಬರೆಯಿರಿ: 'ಮೊದಲು', 'ಆಮೇಲೆ'. ಮೊದಲು ಸ್ನಾನ, ಆಮೇಲೆ ಜೋಕಾಲಿ. ಮೊದಲು ಊಟ, ಆಮೇಲೆ ಪಾರ್ಕು. ಆಮೇಲೆ ಎಂದು ತೋರಿಸಿದ್ದನ್ನು ತಪ್ಪದೆ ಕೊಡಿ. ಒಮ್ಮೆ ಮಾತು ತಪ್ಪಿದರೂ ಆ ರಟ್ಟಿನ ಮೇಲೆ ಮಗುವಿಗೆ ನಂಬಿಕೆ ಹೋಗುತ್ತದೆ.

ನಾಲ್ಕು ವರ್ಷದ ಮಗುವಿಗೆ "ಇನ್ನೈದು ನಿಮಿಷ" ಎಂದರೆ ಏನೂ ಅರ್ಥವಾಗುವುದಿಲ್ಲ. ಮರಳು ಗಡಿಯಾರ ತಿರುಗಿಸಿಡಿ, ಇಲ್ಲವೇ "ಇನ್ನು ಹತ್ತು ಸಲ ಜೀಕಿ, ಆಮೇಲೆ ಮನೆಗೆ" ಎಂದು ಹೇಳಿ ಗಟ್ಟಿಯಾಗಿ ಎಣಿಸಿ. ಮೊಬೈಲನ್ನು ಕೈಯಿಂದ ಕಿತ್ತುಕೊಳ್ಳಬೇಡಿ. ಒಂದು ಹಾಡು ಮುಗಿಯುವುದನ್ನೇ ಗಡಿಯಾಗಿ ಇಟ್ಟುಕೊಳ್ಳಿ.

ನಮ್ಮ ಊರುಗಳಿಗೆ ಬೇಕೇಬೇಕಾದ ಇನ್ನೊಂದು ಚಿತ್ರವಿದೆ: ಕರೆಂಟ್ ಇಲ್ಲ. ಟಿವಿಯಲ್ಲಿ ಕಾರ್ಟೂನ್ ನಡೆಯುತ್ತಿರುವಾಗ ಕರೆಂಟ್ ಹೋಯಿತು ಅನ್ನಿ. ಟಿವಿ ಯಾಕೆ ಕಪ್ಪಾಯಿತು ಎಂದು ಮಗುವಿಗೆ ಹೇಗೆ ಗೊತ್ತಾಗಬೇಕು? ಅಮ್ಮನೇ ಆರಿಸಿದಳು ಎಂದು ಅದಕ್ಕೆ ಅನಿಸುವುದು ಸಹಜ. ಆರಿದ ಬಲ್ಬಿನ ಚಿತ್ರ ಬರೆದು, ಪಕ್ಕದಲ್ಲಿ ಟಾರ್ಚು ಮತ್ತು ಕಟ್ಟಿಗೆಯ ಆಟಿಕೆಗಳ ಚಿತ್ರ ಅಂಟಿಸಿದೆವು. ಕರೆಂಟ್ ಇದ್ದಾಗಲೇ ಮೇನ್ ಆಫ್ ಮಾಡಿ ಆಟದ ಹಾಗೆ ಅಭ್ಯಾಸ ಮಾಡಿಸಿದೆವು. ಯೋಜನೆ ಬದಲಾಗುವುದನ್ನೂ ಹೀಗೇ ಕಲಿಸಬೇಕು, ಮೊದಲು ಸಣ್ಣ ಬದಲಾವಣೆಗಳಿಂದ, ಅದೂ ಮಗುವಿಗೆ ಇಷ್ಟವಾಗುವ ಬದಲಾವಣೆಗಳಿಂದ: ಇವತ್ತು ಬಾಳೆಹಣ್ಣು ಇಲ್ಲ, ಮಾವಿನಹಣ್ಣು.

ಹಂತ 5: ಸಿಟ್ಟಿನ ಬದಲು ಒಂದು ಮಾತು ಕೊಡಿ

ಮಗು ಸಿಟ್ಟಿನಿಂದ ಏನನ್ನು ಪಡೆಯುತ್ತಿದೆಯೋ ಅದನ್ನೇ ಇನ್ನೂ ಸುಲಭವಾಗಿ ಪಡೆಯುವ ದಾರಿಯನ್ನು ಕಲಿಸಿದರೆ ಸಿಟ್ಟು ಕಡಿಮೆಯಾಗುತ್ತದೆ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಂಡ್ ಇದನ್ನು ಅಧ್ಯಯನದಲ್ಲಿ ತೋರಿಸಿದರು. ಅದೇ ವರ್ಷ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಚಿತ್ರದ ಕಾರ್ಡು ಕೊಟ್ಟು ವಸ್ತು ಪಡೆಯುವ ಪೆಕ್ಸ್ ವಿಧಾನವನ್ನು ರೂಪಿಸಿದರು. ಇವತ್ತು ನಮ್ಮ ಥೆರಪಿ ಕೇಂದ್ರಗಳಲ್ಲಿ ನಡೆಯುವ ಎಷ್ಟೋ ಮಾತಿನ ಅಭ್ಯಾಸದ ಹಿಂದೆ, ಸಿಟ್ಟಿನ ಬದಲು ಮಾತು ಕೊಡುವ ಈ ವಿಚಾರವಿದೆ.

ಮೊದಲಿಗೆ ನಾಲ್ಕೇ ಮಾತು ಸಾಕು: ಸಹಾಯ, ಬೇಡ, ಸಾಕು, ಹೊರಗೆ. ಬಾಯಲ್ಲಿ ಹೇಳಬಹುದು, ಕೈಸನ್ನೆ ಮಾಡಬಹುದು, ಕಾರ್ಡು ಕೊಡಬಹುದು. ಯಾವುದಾದರೂ ಸರಿ. ಕಾರ್ಡು ಕೊಟ್ಟರೆ ಮಾತು ಬರುವುದೇ ಇಲ್ಲ ಎಂದು ಹೆದರಿಸುವವರಿದ್ದಾರೆ. ಆ ಹೆದರಿಕೆಗೆ ಆಧಾರವಿಲ್ಲ.

'ಸಹಾಯ' ಕಲಿಸಲು ಚಕ್ಕುಲಿ ಡಬ್ಬಿ ಒಳ್ಳೆಯ ಸಾಧನ. ಪಾರದರ್ಶಕ ಡಬ್ಬಿಯಲ್ಲಿ ಮಗುವಿಗೆ ಇಷ್ಟದ ತಿಂಡಿ ಹಾಕಿ ಮುಚ್ಚಳ ಬಿಗಿಯಾಗಿ ಮುಚ್ಚಿ ಕೊಡಿ. ಮಗು ತೆಗೆಯಲು ನೋಡುತ್ತದೆ, ಆಗುವುದಿಲ್ಲ. ಮುಖ ಇನ್ನೇನು ಸಿಂಡರಿಸುತ್ತದೆ ಅನ್ನುವಾಗ ಹಿಂದೆ ಕುಳಿತ ಒಬ್ಬರು ಮಗುವಿನ ಕೈ ಹಿಡಿದು 'ಸಹಾಯ' ಕಾರ್ಡನ್ನು ಎದುರಿಗಿರುವವರಿಗೆ ಕೊಡಿಸಬೇಕು. ಎದುರಿಗಿರುವವರು "ಸಹಾಯ!" ಎಂದು ಹೇಳಿ ತಕ್ಷಣ ಮುಚ್ಚಳ ತೆಗೆಯಬೇಕು. ದಿನಕ್ಕೆ ಐದಾರು ಸಲ. ಹಿಂದಿನವರ ಕೈ ದಿನದಿಂದ ದಿನಕ್ಕೆ ಹಗುರವಾಗುತ್ತಾ ಹೋಗಲಿ.

'ಸಾಕು' ಮತ್ತು 'ಬೇಡ' ಕಲಿಸುವಾಗ ಮೊದಲ ಕೆಲವು ವಾರ ಆ ಕಾರ್ಡಿಗೆ ಪ್ರತಿ ಸಲವೂ ಬೆಲೆ ಕೊಡಿ. ಎರಡೇ ತುತ್ತು ತಿಂದು 'ಸಾಕು' ಎಂದರೂ ಸರಿ ಎನ್ನಿ. ಇದು ಅಮ್ಮಂದಿರಿಗೆ ಕಷ್ಟ, ನನಗೆ ಗೊತ್ತು. ಆದರೆ ಕಾರ್ಡು ಕೊಟ್ಟರೂ ಬಾಯಿಗೆ ತುರುಕಿದರೆ, ತಟ್ಟೆ ಎಸೆದಾಗ ಮಾತ್ರ ಊಟ ನಿಲ್ಲಿಸಿದರೆ, ಯಾವುದು ಕೆಲಸ ಮಾಡುತ್ತದೆ ಎಂದು ಮಗು ಕಲಿಯುತ್ತದೆ? ನಂಬಿಕೆ ಬಂದ ಮೇಲೆ "ಇನ್ನೊಂದು ತುತ್ತು, ಆಮೇಲೆ ಸಾಕು" ಎಂದು ನಿಧಾನವಾಗಿ ಹಿಗ್ಗಿಸಬಹುದು. ನಮ್ಮ ಮಗನಿಗೆ ಮೊದಲು ಕಲಿಸಿದ್ದು ರೂಮಿನ ಕಾರ್ಡು, ಅಂದರೆ ಸದ್ದಿನಿಂದ ದೂರ ರೂಮಿಗೆ ಹೋಗಬೇಕು ಎಂದು ಕೇಳುವ ಕಾರ್ಡು. ಅದನ್ನು ಅವನು ತಾನೇ ತಂದು ಕೊಟ್ಟ ಸಂಜೆ ಅಕ್ಕನ ಜಡೆಗೆ ಕೈ ಹಾಕಲಿಲ್ಲ.

ಯಾವ ಭಾಷೆಯಲ್ಲಿ ಕಲಿಸುವುದು? ಮನೆಯ ಭಾಷೆಯಲ್ಲಿ. ಶಾಲೆ ಇಂಗ್ಲಿಷಿನದು, ಥೆರಪಿಯೂ ಇಂಗ್ಲಿಷಿನಲ್ಲಿ, ಹಾಗಾಗಿ ಮನೆಯಲ್ಲೂ ಇಂಗ್ಲಿಷೇ ಆಡಿ ಎಂಬ ಸಲಹೆ ನಮಗೂ ಸಿಕ್ಕಿತ್ತು. ಎರಡು ಭಾಷೆಯ ನಡುವೆ ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದನ್ನು ಸಂಶೋಧನೆಗಳು ಎತ್ತಿಹಿಡಿದಿಲ್ಲ. ಅಜ್ಜಿಗೂ ಪಕ್ಕದ ಮನೆಯವರಿಗೂ ಅರ್ಥವಾಗುವ "ಬೇಡ" ಎಂಬ ಎರಡಕ್ಷರ ಮಗುವಿನ ಬಾಯಲ್ಲೋ ಕೈಯಲ್ಲೋ ಇರುವುದು ಮುಖ್ಯ.

ಹಂತ 6: ಸಿಟ್ಟಿಗೆ ಹೆಸರಿಡಿ

ನಾವು ಕನ್ನಡಿಗರು ಸಿಟ್ಟನ್ನು ಮೈತುಂಬ ಹರಡಿಬಿಟ್ಟಿದ್ದೇವೆ: ಮೂಗಿನ ತುದಿಯಲ್ಲಿ ಕೋಪ, ಕಣ್ಣಲ್ಲಿ ಕಿಡಿ, ನೆತ್ತಿಗೇರಿದ ಪಿತ್ತ. "ಅವನಿಗೆ ಮೂಗಿನ ತುದೀಲೇ ಕೋಪ" ಎಂದು ಯಾರೋ ಅಂದಾಗ ನಮ್ಮ ಹುಡುಗ ಮೂಗು ಮುಟ್ಟಿ ಮುಟ್ಟಿ ನೋಡಿಕೊಂಡ. ಈ ಮಕ್ಕಳಲ್ಲಿ ಬಹಳಷ್ಟು ಮಂದಿ ಮಾತನ್ನು ಇದ್ದ ಹಾಗೆಯೇ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಮೈಯಲ್ಲಿ ನಿಜವಾಗಿ ಆಗುವುದನ್ನೇ ಹೇಳಿ: "ಕೈ ಬಿಗಿಯಾಗಿದೆ. ಎದೆ ಜೋರಾಗಿ ಹೊಡ್ಕೊಳ್ತಿದೆ. ನಿಂಗೆ ಸಿಟ್ಟು ಬಂದಿದೆ." ನಿಮಗೆ ಸಿಟ್ಟು ಬಂದಾಗಲೂ ಹೀಗೇ ಗಟ್ಟಿಯಾಗಿ ಹೇಳಿಕೊಳ್ಳಿ: "ಹಾಲು ಉಕ್ಕಿಹೋಯ್ತು. ಅಮ್ಮನಿಗೆ ಸಿಟ್ಟು ಬಂದಿದೆ. ಅಮ್ಮ ನೀರು ಕುಡೀತಾಳೆ."

ಸ್ವಲ್ಪ ದೊಡ್ಡ ಮಕ್ಕಳಿಗೆ ಸಿಟ್ಟಿನ ಮೆಟ್ಟಿಲು ತೋರಿಸಬಹುದು. ಕ್ಯಾರಿ ಡನ್ ಬ್ಯುರಾನ್ ಮತ್ತು ಮಿಟ್ಜಿ ಕರ್ಟಿಸ್ 2003ರಲ್ಲಿ ಪ್ರಕಟಿಸಿದ ಐದು ಅಂಕಿಯ ಅಳತೆಪಟ್ಟಿ ಇದಕ್ಕೆ ಬಹಳ ಬಳಕೆಯಲ್ಲಿದೆ. ಚಿಕ್ಕವರಿಗೆ ಮೂರೇ ಬಣ್ಣ ಸಾಕು: ಹಸಿರು, ಹಳದಿ, ಕೆಂಪು. ಮಗುವಿನದೇ ಮುಖದ ಮೂರು ಫೋಟೋ ಅಂಟಿಸಿ. ಹಳದಿಯ ಗುರುತು ನಿಮಗೆ ಮೊದಲು ತಿಳಿಯಬೇಕು. ನಮ್ಮವನು ಕೆಂಪಾಗುವ ಮೊದಲು ಗುಂಯ್ ಎಂದು ಸದ್ದು ಮಾಡುತ್ತಾ ಕೋಣೆಯಲ್ಲಿ ಸುತ್ತುತ್ತಾನೆ, ಕಿವಿ ಕೆಂಪಾಗುತ್ತದೆ. ನೆರವಿಗೆ ಹೋಗಬೇಕಾದದ್ದು ಆ ಹಳದಿಯಲ್ಲಿ.

ಹಂತ 7: ತಣ್ಣಗಾಗುವುದನ್ನು ದಿನವೂ ಆಡಿಸಿ

"ದೀರ್ಘವಾಗಿ ಉಸಿರಾಡು" ಎಂದರೆ ಮಗುವಿಗೆ ಗೊತ್ತಾಗದು. ಸೋಪಿನ ಗುಳ್ಳೆ ಊದಿಸಿ, ಜಾತ್ರೆಯ ಗಿರಗಿಟ್ಟಲೆ ಊದಿಸಿ. ಉಸಿರು ತಾನಾಗಿ ಉದ್ದವಾಗುತ್ತದೆ. ಚಪಾತಿ ಹಿಟ್ಟು ನಾದುವುದು, ಗೋಡೆ ತಳ್ಳುವುದು, ಅರ್ಧ ಬಕೆಟ್ ನೀರು ಹೊತ್ತು ಗಿಡಕ್ಕೆ ಹಾಕುವುದು, ಜೋಕಾಲಿ ಇವು ಮೈಗೆ ಕೆಲಸ ಕೊಟ್ಟು ಮನಸ್ಸನ್ನು ಹಗುರ ಮಾಡುತ್ತವೆ. ಕೆಲವು ಮಕ್ಕಳಿಗೆ ಮೈಗೆ ಬಿಗಿ ಒತ್ತಡ ಬೇಕು. ತಾವೇ ಆಟಿಸಂ ಇರುವ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಹದಿಹರೆಯದಲ್ಲಿ, ದನಗಳನ್ನು ಹಿಡಿದು ನಿಲ್ಲಿಸುವ ಕಟ್ಟು ನೋಡಿ, ತಮ್ಮ ಮೈಯನ್ನು ಎರಡೂ ಕಡೆಯಿಂದ ಒತ್ತುವ ಯಂತ್ರವನ್ನು ಮಾಡಿಕೊಂಡಿದ್ದರು. ನಮ್ಮ ಮನೆಯಲ್ಲಿ ಕೌದಿ ಸಾಕಾಯಿತು. ಕುತ್ತಿಗೆಯಿಂದ ಕೆಳಗೆ ಸುತ್ತಿ, ಮುಖ ಪೂರ್ತಿ ತೆರೆದಿಟ್ಟು, ಅವನು ಬೇಕೆಂದಾಗ ಮಾತ್ರ, ಬೇಡವೆಂದ ಕೂಡಲೇ ಬಿಚ್ಚಬೇಕು. ಮುಟ್ಟಿದರೆ ಇನ್ನೂ ಕೆರಳುವ ಮಕ್ಕಳೂ ಇದ್ದಾರೆ. ಅವರಿಗೆ ಇದು ಬೇಡ.

ಕೈ ಬಡಿಯುವುದು, ತೂಗುವುದು, ಸುತ್ತುವುದು ಇವನ್ನು ನಿಲ್ಲಿಸಬೇಡಿ. ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಿರುತ್ತದೆ.

ಮನೆಯ ಒಂದು ಮೂಲೆಯನ್ನು ಇದಕ್ಕೆಂದೇ ಇಡಿ: ಚಾಪೆ, ದಿಂಬು, ಕೌದಿ, ಗಿರಗಿಟ್ಟಲೆ. ಆ ಮೂಲೆಯನ್ನು ಎಂದೂ ಶಿಕ್ಷೆಗೆ ಬಳಸಬೇಡಿ. ಮಗು ಖುಷಿಯಾಗಿರುವಾಗಲೇ ದಿನಕ್ಕೆರಡು ಸಲ ಅಲ್ಲಿ ಕೂತು ಆಡಿ. ಖುಷಿಯಲ್ಲಿ ನೂರು ಸಲ ಮಾಡಿದ್ದು ಸಿಟ್ಟಿನಲ್ಲಿ ಒಂದು ಸಲವಾದರೂ ನೆನಪಿಗೆ ಬಂದೀತು.

ಹಂತ 8: ಸಿಟ್ಟು ಬಂದೇ ಬಿಟ್ಟರೆ

ಈಗ ಕಲಿಸುವ ಹೊತ್ತಲ್ಲ. ಮಗುವಿಗೆ, ಪಕ್ಕದವರಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದಷ್ಟೇ ಕೆಲಸ. ಒಬ್ಬರೇ ಹತ್ತಿರ ಇರಿ, ಉಳಿದವರು ಆಚೆ ಹೋಗಲಿ. ಅಕ್ಕ ತಮ್ಮಂದಿರನ್ನು ಮೊದಲು ಕಳಿಸಿ. ಟಿವಿ ಆರಿಸಿ, ಲೈಟು ಕಡಿಮೆ ಮಾಡಿ. ಗಾಜು, ಚಾಕು, ಬಿಸಿ ಪಾತ್ರೆ ದೂರ ಸರಿಸಿ. ನಿಂತುಕೊಂಡು ಮೇಲಿನಿಂದ ನೋಡಬೇಡಿ, ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ಮಾತು ನಿಲ್ಲಿಸಿ. "ಯಾಕೆ? ಏನಾಯ್ತು? ಇಲ್ಲಿ ನೋಡು" ಎಂಬ ಒಂದೊಂದು ಪ್ರಶ್ನೆಯೂ ಉಕ್ಕುವ ಪಾತ್ರೆಗೆ ಇನ್ನೊಂದು ಲೋಟ. ಹೇಳಲೇಬೇಕೆಂದರೆ ಮೆಲ್ಲಗೆ "ಅಮ್ಮ ಇಲ್ಲೇ ಇದೀನಿ" ಎಂದು ಒಂದು ಸಲ ಹೇಳಿ ಸುಮ್ಮನಿರಿ.

ತಲೆ ಚಚ್ಚಿಕೊಳ್ಳುತ್ತಿದ್ದರೆ ತಲೆಗೂ ನೆಲಕ್ಕೂ ನಡುವೆ ದಿಂಬು ಇಡಿ. ರಸ್ತೆಗೆ ಓಡುವಂಥ ಅಪಾಯ ಇದ್ದಾಗ ಮಾತ್ರ ಹಿಡಿಯಿರಿ, ಅಪಾಯ ತಪ್ಪಿದ ಕೂಡಲೇ ಬಿಡಿ. ನೆಲಕ್ಕೆ ಒತ್ತಿ ಹಿಡಿಯುವುದು, ಎದೆಯ ಮೇಲೆ ಭಾರ ಹಾಕುವುದು ಎಂದಿಗೂ ಕೂಡದು. ಹೊಡೆಯುವುದು, ಬಚ್ಚಲಲ್ಲಿ ಕೂಡಿಹಾಕುವುದು, ಪೊಲೀಸರಿಗೆ ಕೊಡ್ತೀನಿ ಎನ್ನುವುದು ಇವು ಹೆದರಿಕೆಯನ್ನು ಮಾತ್ರ ಕಲಿಸುತ್ತವೆ, ಮುಂದಿನ ಸಿಟ್ಟನ್ನು ದೊಡ್ಡದು ಮಾಡುತ್ತವೆ.

ಬಸ್ಸಿನಲ್ಲೋ ದೇವಸ್ಥಾನದಲ್ಲೋ ಆದಾಗ ಕಷ್ಟ ಕೊಡುವುದು ಸುತ್ತಲಿನವರ ಕಣ್ಣು. ಒಂದು ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ, ಕಾರ್ಡಿನಲ್ಲಿ ಬರೆದು ಪರ್ಸಿನಲ್ಲಿಡಿ: "ನನ್ನ ಮಗುವಿಗೆ ಆಟಿಸಂ ಇದೆ. ಸದ್ದಿನಿಂದ ಕಷ್ಟ ಆಗ್ತಿದೆ. ದಯವಿಟ್ಟು ಸ್ವಲ್ಪ ಜಾಗ ಕೊಡಿ." ಅವರಿಗೆ ಇನ್ನೇನೂ ವಿವರಿಸುವ ಹೊಣೆ ನಿಮ್ಮದಲ್ಲ.

ಹಂತ 9: ಆದ ಮೇಲೆ

ನೀರು ಕೊಡಿ, ಮಲಗಬೇಕೆಂದರೆ ಮಲಗಲಿ. ಕಿರುಚಾಟ ನಿಂತ ಮೇಲೂ ಮಗು ಪೂರ್ತಿ ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಬುದ್ಧಿ ಹೇಳಲು ಹೋದರೆ ಮತ್ತೆ ಹೊತ್ತಿಕೊಳ್ಳುತ್ತದೆ. "ಸಾರಿ ಹೇಳು" ಎಂದು ಒತ್ತಾಯ ಬೇಡ. ಸಂಜೆಯೋ ಮಾರನೆಯ ದಿನವೋ ಕಾಗದದ ಮೇಲೆ ಕಡ್ಡಿಗೊಂಬೆಗಳನ್ನು ಬರೆದು ತೋರಿಸಿ: ಅಜ್ಜಿ ದೋಸೆ ಮುರಿದರು. ಪುಟ್ಟನಿಗೆ ಸಿಟ್ಟು ಬಂತು. ಪುಟ್ಟ ತಟ್ಟೆ ಎಸೆದ. ಮುಂದಿನ ಸಲ ಪುಟ್ಟ 'ಬೇಡ' ಕಾರ್ಡು ಕೊಡ್ತಾನೆ. ಅಜ್ಜಿ ಮುರಿಯದ ದೋಸೆ ಕೊಡ್ತಾರೆ. ಮತ್ತೆ ಮತ್ತೆ ಓದಿ.

ಇಲ್ಲಿ ಒಂದು ಎಚ್ಚರಿಕೆ. ಕಿರುಚಿದರೆ ಮೊಬೈಲ್ ಸಿಗುತ್ತಿದ್ದ ಮನೆಯಲ್ಲಿ, ಇನ್ನು ಕೇಳಿದರೆ ಮಾತ್ರ ಎಂದು ನಿಯಮ ಬದಲಿಸಿದರೆ ಮೊದಲ ಕೆಲವು ದಿನ ಕಿರುಚಾಟ ಹೆಚ್ಚಾಗಬಹುದು. ಹಳೆಯ ದಾರಿಯನ್ನೇ ಮಗು ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಮೂರನೆಯ ದಿನ ಅಜ್ಜ ಕನಿಕರಪಟ್ಟು ಮೊಬೈಲ್ ಕೊಟ್ಟುಬಿಟ್ಟರೆ, ಇಷ್ಟು ಜೋರಾಗಿ ಕಿರುಚಬೇಕು ಎಂದೇ ಮಗು ಕಲಿತಂತೆ. ಆದ್ದರಿಂದ ಶುರು ಮಾಡುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ. ನಮ್ಮತ್ತೆಯನ್ನು ಒಪ್ಪಿಸಿದ್ದು ನನ್ನ ವಾದವಲ್ಲ, ನೋಟ್‌ಬುಕ್. ಮಗ್ಗಿ, ಮಿಕ್ಸಿ, ಸೀರಿಯಲ್ ಎಂದು ಮೂರು ಸಲ ಬರೆದಿದ್ದನ್ನು ಓದಿ ಅವರು ಮಾರನೆಯ ದಿನದಿಂದ ಸೀರಿಯಲ್‌ನ ಸದ್ದು ತಗ್ಗಿಸಿದರು. ಈಗ ದೋಸೆ ಹುಯ್ಯುವಾಗ "ಮುರೀಲಾ ಕಂದಾ?" ಎಂದು ಅವನನ್ನು ಕೇಳುತ್ತಾರೆ.

ಹಂತ 10: ನೆರವು ಕೇಳಿ

ಮಗು ತನಗೆ ಗಾಯ ಮಾಡಿಕೊಳ್ಳುತ್ತಿದ್ದರೆ, ಮೆಲ್ಟ್‌ಡೌನ್ ದಿನವೂ ಆಗುತ್ತಿದ್ದರೆ, ಬಂದಿದ್ದ ಮಾತು ಹೋಗಿದ್ದರೆ ತಡಮಾಡಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇರುವ ಶೀಘ್ರ ನೆರವಿನ ಕೇಂದ್ರಗಳನ್ನು ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್ ಇವು ಸರ್ಕಾರಿ ಸಂಸ್ಥೆಗಳು. ತೀವ್ರ ಸಿಟ್ಟಿಗೆ ವೈದ್ಯರು ಕೆಲವೊಮ್ಮೆ ರಿಸ್ಪೆರಿಡೋನ್‌ನಂಥ ಔಷಧಿ ಬರೆಯುತ್ತಾರೆ. ಅದು ಆಟಿಸಂ ವಾಸಿ ಮಾಡುವುದಿಲ್ಲ, ತೂಕ ಏರುವಂಥ ಅಡ್ಡಪರಿಣಾಮ ಇದೆ, ಹಾಗಾಗಿ ತಜ್ಞರ ಕಣ್ಗಾವಲಲ್ಲೇ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅಂಗವೈಕಲ್ಯದ ಪ್ರಮಾಣಪತ್ರ, ಯುಡಿಐಡಿ ಎಂಬ ಗುರುತಿನ ಕಾರ್ಡು ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ.

ಇನ್ನು ನಿಮ್ಮ ಮಾತು. ಎಲ್ಲ ತಿಳಿದೂ ಒಂದು ದಿನ ನಿಮ್ಮ ಕೈ ಮಗುವಿನ ಮೇಲೆ ಹೋಗಿರಬಹುದು. ನನ್ನದೂ ಹೋಗಿದೆ, ಆ ರಾತ್ರಿ ನಿದ್ದೆ ಬಂದಿಲ್ಲ. ಅಂಥ ದಿನ ಮಗುವನ್ನು ಇನ್ನೊಬ್ಬರ ಹತ್ತಿರ ಬಿಟ್ಟು ಅರ್ಧ ಗಂಟೆ ಹೊರಗೆ ನಡೆದು ಬನ್ನಿ. ಬಿಡಲು ಯಾರೂ ಇಲ್ಲದಿದ್ದರೆ, ಮಗು ಮಲಗಿದ ಮೇಲೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.